ಎಂಟರಲ್ಲೊಂದು ಕಾರು, ಐನೂರ ಹನ್ನೆರಡರಲ್ಲೊಂದು ಎಂಜಿನ್

ಫೋರ್ಡ್ ಕಂಪನಿಯ ಹಳೆಯ ಮಾಡೆಲ್ ಟಿ ಕಾರಿನ ತೂಕ ಸುಮಾರು 540 ಕಿಲೋ. ಅದರ ಉದ್ದ, ಅಗಲ, ಎತ್ತರ ಮೂರನ್ನೂ ಎಂಟನೇ ಒಂದಕ್ಕೆ ಇಳಿಸಿ, ಅದೇ ಉಕ್ಕು, ಅದೇ ಹಿತ್ತಾಳೆ, ಅದೇ ಮರ ಹಾಕಿ ಮತ್ತೊಂದು ಕಾರು ಕಟ್ಟಿದರೆ ಅದೆಷ್ಟು ತೂಗೀತು? ಥಟ್ಟನೆ ಬಾಯಿಗೆ ಬರುವ ಉತ್ತರ ಅರವತ್ತೇಳು ಕಿಲೋ. ನಿಜವಾದ ಉತ್ತರ ಒಂದು ಕಿಲೋ ಐವತ್ತೈದು ಗ್ರಾಂ.

ಲೆಕ್ಕದಲ್ಲಿ ಮೋಸವಿಲ್ಲ. ಉದ್ದ ಎಂಟರಲ್ಲೊಂದು ಆದಾಗ ಮೈಯ ವಿಸ್ತೀರ್ಣ ಎಂಟೆಂಟ್ಲ ಅರವತ್ತನಾಲ್ಕರಲ್ಲೊಂದು ಆಗುತ್ತದೆ. ಗಾತ್ರ ಇನ್ನೊಂದು ಸಲ ಎಂಟರಿಂದ ಕುಗ್ಗಿ 512ರಲ್ಲೊಂದು ಆಗುತ್ತದೆ. ತೂಕ ಹೋಗುವುದು ಗಾತ್ರದ ಹಿಂದೆ. ಆದ್ದರಿಂದ ಮಾಡೆಲ್ ಟಿಯ 38 ಲೀಟರಿನ ಪೆಟ್ರೋಲ್ ಟ್ಯಾಂಕು ಈ ಪುಟ್ಟ ಕಾರಿನಲ್ಲಿ 74 ಮಿ.ಲೀ. ಹಿಡಿಯುತ್ತದೆ. ರೇಡಿಯೇಟರಿನ 11 ಲೀಟರು ನೀರು 22 ಮಿ.ಲೀ.ಗೆ ಇಳಿಯುತ್ತದೆ. ಎಂಜಿನ್ನಿಗೆ ಸುರಿಯುವ 3.8 ಲೀಟರು ಆಯಿಲ್ ಒಂದೂವರೆ ಟೀ ಚಮಚದಲ್ಲಿ ಮುಗಿಯುತ್ತದೆ. 2,896 ಸಿಸಿಯ ಎಂಜಿನ್ 5.66 ಸಿಸಿ ಆಗುತ್ತದೆ. ಅದನ್ನು ನಾಲ್ಕು ಸಿಲಿಂಡರಿಗೆ ಹಂಚಿದರೆ ತಲಾ 1.41 ಸಿಸಿ.

ಆ 1.41 ಸಿಸಿಯೊಳಗೆ ಬೆಂಕಿ ಹೊತ್ತಿಸಬೇಕು. ಆ ಬೆಂಕಿಯಿಂದಲೇ ಪಿಸ್ಟನ್ ತಳ್ಳಿಸಿ, ಗೇರು ತಿರುಗಿಸಿ, 42 ಸೆಂ.ಮೀ. ಉದ್ದದ ಕಾರನ್ನು ಓಡಿಸಬೇಕು. ಗಾಜಿನ ಬೀರುವಿನಲ್ಲಿ ಕೂರುವ ಕಾರಿನ ಮಾತು ಇದಲ್ಲ. ಮುಂದೆ ನಿಂತು ಹ್ಯಾಂಡಲ್ ಹೊಡೆದರೆ ಸ್ಟಾರ್ಟ್ ಆಗುವ ಕಾರಿನ ಮಾತು.

ಮಾಡೆಲ್ ಟಿಯನ್ನು ಲೆಕ್ಕಕ್ಕೆ ಹಿಡಿದದ್ದಕ್ಕೆ ಕಾರಣವಿದೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರು ಅದು. ಹಳೆಯ ಕಾರುಗಳ ಪೈಕಿ ಅದರಷ್ಟು ಅಳತೆಗೆ ಸಿಕ್ಕಿದ, ಬಿಚ್ಚಿ ನೋಡಿಸಿಕೊಂಡ ಕಾರು ಮತ್ತೊಂದು ಸಿಗುವುದು ಕಷ್ಟ.

ಸಿದ್ದಾಪುರದ ರಸ್ತೆಗೆ ಇಳಿಸಿದರೆ

ಈ ಕಾರನ್ನು ಬೆಂಗಳೂರಿನಲ್ಲಿರುವ ನಮ್ಮ ಸಿದ್ದಾಪುರದ ರಸ್ತೆಗೆ ಒಮ್ಮೆ ಇಳಿಸಿ ನೋಡೋಣ. ಮೂಲ ಕಾರಿನ ಚಕ್ರ 76 ಸೆಂ.ಮೀ. ಇತ್ತು, ಇದರದು 9.5 ಸೆಂ.ಮೀ. ರಸ್ತೆಯ ಹಂಪುಗಳಿಗೆ ನಿಯಮ ಹೇಳುವ ಎತ್ತರ 10 ಸೆಂ.ಮೀ. ಹಂಪು ಚಕ್ರಕ್ಕಿಂತಲೂ ಎತ್ತರವಾಯಿತು! ಕಾರಿನ ಅಳತೆಗೆ ತಕ್ಕ 21 ಸೆಂ.ಮೀ. ಎತ್ತರದ ಚಾಲಕ ಒಳಗೆ ಕೂತಿದ್ದರೆ ಅವನ ಪಾಲಿಗೆ ಅದು 80 ಸೆಂ.ಮೀ. ದಿಬ್ಬ. ಡಾಂಬರಿನಿಂದ ಕಿತ್ತು ಬಂದ 20 ಮಿ.ಮೀ. ಜಲ್ಲಿ ಅವನಿಗೆ 16 ಸೆಂ.ಮೀ. ಗುಂಡು. ಮೂರು ಮಿ.ಮೀ.ನ ಮಳೆಹನಿ 24 ಮಿ.ಮೀ. ನೀರಿನ ಉಂಡೆಯಾಗಿ ಬಾನೆಟ್ ಮೇಲೆ ಬೀಳುತ್ತದೆ.

ವೇಗದ ಲೆಕ್ಕ ಇನ್ನೂ ಸೊಗಸಾಗಿದೆ. ಮೂಲ ಕಾರಿನ ಗರಿಷ್ಠ ವೇಗ ಗಂಟೆಗೆ ಸುಮಾರು 64 ಕಿ.ಮೀ. ಎಂಟರಿಂದ ಭಾಗಿಸಿದರೆ 8 ಕಿ.ಮೀ. ಲಾಲ್‌ಬಾಗಿನಲ್ಲಿ ಬೆಳಗ್ಗೆ ನಿಧಾನವಾಗಿ ಓಡುವವರ ಜೊತೆ ಸಮನಾಗಿ ಹೋಗಬಹುದಾದ ವೇಗ. ಆದರೆ ಎರಡೂ ಕಾರುಗಳ ಚಕ್ರ ಸೆಕೆಂಡಿಗೆ ಸುತ್ತುವುದು ಹೆಚ್ಚುಕಡಿಮೆ ಏಳೂವರೆ ಸಲ. ದೂರ ಕುಗ್ಗಿದಷ್ಟೇ ಚಕ್ರವೂ ಕುಗ್ಗಿದ್ದರಿಂದ ಸುತ್ತಿನ ಲೆಕ್ಕ ಕದಲಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಾವು ಕುಗ್ಗಿಸಿದ್ದು ಕಾರನ್ನು ಮಾತ್ರ. ಹಂಪು ಕುಗ್ಗಲಿಲ್ಲ, ಜಲ್ಲಿ ಕುಗ್ಗಲಿಲ್ಲ, ಮಳೆಹನಿ ಕುಗ್ಗಲಿಲ್ಲ. ಎಂಜಿನ್ನಿನ ಒಳಗೂ ಇದೇ ನಡೆಯುತ್ತದೆ. ಬೆಂಕಿ, ಗಾಳಿ, ಎಣ್ಣೆ, ಕಬ್ಬಿಣ ಬಿಸಿಗೆ ಹಿಗ್ಗುವ ಗುಣ, ಕೆಲಸ ಮಾಡುವ ಮನುಷ್ಯನ ಬೆರಳು, ಯಾವುದೂ ನಮ್ಮ ಸ್ಕೇಲಿಗೆ ಜಗ್ಗುವುದಿಲ್ಲ. ಸಿದ್ದಾಪುರದ ನರ್ಸರಿಗಳ ಸಹವಾಸ ಇರುವವರಿಗೆ ಈ ಮಾತು ಬೇಗ ಹಿಡಿಸುತ್ತದೆ. ಕಾಗದದ ಹೂವಿನ ಗಿಡವನ್ನು ಬೊನ್ಸಾಯ್ ಮಾಡಿದರೆ ಕಾಂಡ ಗೇಣುದ್ದಕ್ಕೆ ನಿಲ್ಲುತ್ತದೆ. ಹೂವು ಮಾತ್ರ ಗೋಡೆ ಹತ್ತಿದ ದೊಡ್ಡ ಬಳ್ಳಿಯ ಹೂವಿನಷ್ಟೇ ಅಗಲ ಅರಳುತ್ತದೆ. ಓಡುವ ಮಾದರಿ ಕಾರು ಕಟ್ಟುವವರ ಇಡೀ ಹೋರಾಟ ಆ ಹೂವಿನ ಜೊತೆಗೆ. ಹೊರಗಿನಿಂದ ಅದು ದೊಡ್ಡ ಕಾರಿನ ನಕಲು. ಒಳಗಿನಿಂದ ಅದು ಹೊಸದಾಗಿ ಯೋಚಿಸಿ ಕಟ್ಟಿದ ಇನ್ನೊಂದು ಕಾರು.

ಈ ಸತ್ಯವನ್ನು ಮೊದಲು ಬರೆದಿಟ್ಟವನು ಗೆಲಿಲಿಯೊ. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ, ಪ್ರಾಣಿಯ ಮೈ ದೊಡ್ಡದಾದರೆ ಮೂಳೆ ಅದೇ ಪ್ರಮಾಣದಲ್ಲಿ ದಪ್ಪವಾದರೆ ಸಾಲದು ಎಂದು ಚಿತ್ರ ಬರೆದು ತೋರಿಸಿದ. 1926ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಅದೇ ಎಳೆ ಹಿಡಿದು, ಇಲಿಯೂ ಕುದುರೆಯೂ ಒಂದೇ ಎತ್ತರದಿಂದ ಬಿದ್ದರೆ ಏನಾಗುತ್ತದೆ ಎಂಬುದನ್ನು ವಿವರಿಸಿದರು. ಮುಂದೆ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಅವರು. ಗೆಲಿಲಿಯೊ ಮೂಳೆಗೆ ಹೇಳಿದ್ದು, ಹಾಲ್ಡೇನ್ ಇಲಿಗೆ ಹೇಳಿದ್ದು, ಇಲ್ಲಿ ಪಿಸ್ಟನ್ನಿಗೆ ಅನ್ವಯಿಸುತ್ತದೆ.

ಕಟ್ಟಿ ಓಡಿಸಿದವರು

ಕೈಯಾರೆ ಮಾಡಿ ತೋರಿಸಿದವರಿದ್ದಾರೆ. ದೊಡ್ಡದರಿಂದ ಚಿಕ್ಕದಕ್ಕೆ ಮೆಟ್ಟಿಲಿಳಿಯುತ್ತಾ ಹೋಗೋಣ.

ಅರ್ಧ ಅಳತೆ: 1926ರಲ್ಲಿ ಎಟ್ಟೋರೆ ಬುಗಾಟ್ಟಿ ತನ್ನ ಕಿರಿಯ ಮಗ ರೊಲಾನ್‌ಗಾಗಿ ತನ್ನದೇ ಟೈಪ್ 35 ರೇಸ್ ಕಾರಿನ ಅರ್ಧದಳತೆಯ ಕಾರು ಮಾಡಿಸಿದ. ಅದಕ್ಕೆ ಹಾಕಿದ್ದು ಬ್ಯಾಟರಿ, ವಿದ್ಯುತ್ ಮೋಟಾರು. ಕಾರು ತಯಾರಿಸುವವನೇ, ಕೈಕೆಳಗೆ ಇಡೀ ಕಾರ್ಖಾನೆ ಇದ್ದವನೇ ಪೆಟ್ರೋಲ್ ಎಂಜಿನ್ನನ್ನು ಕುಗ್ಗಿಸಲು ಹೋಗಲಿಲ್ಲ.

ಮೂರರಲ್ಲೊಂದು: ಫ್ರಾನ್ಸಿನ ಪಿಯೆರ್ ಸ್ಕೆರಿ ಫೆರಾರಿ 312 ಪಿಬಿ ರೇಸ್ ಕಾರನ್ನು ಹನ್ನೆರಡು ಸಿಲಿಂಡರಿನ ಎಂಜಿನ್ ಸಮೇತ ಮೂರನೇ ಒಂದಕ್ಕೆ ಇಳಿಸಿದರು. ಮೂಲದ ಮೂರು ಲೀಟರು ಎಂಜಿನ್ನನ್ನು 27ರಿಂದ ಭಾಗಿಸಿದರೆ ಸುಮಾರು 111 ಸಿಸಿ. ಒಂದು ಮೊಪೆಡ್ ಎಂಜಿನ್ನಿನ ಆಸುಪಾಸಿನ ಗಾತ್ರದಲ್ಲಿ ಹನ್ನೆರಡು ಪಿಸ್ಟನ್ನು. ಅದಕ್ಕೆ ಹಿಡಿದದ್ದು ಸುಮಾರು ಹದಿನೈದು ವರ್ಷ.

ಆರರಲ್ಲೊಂದು: ಅಮೆರಿಕದ ಮಿಸ್ಸೌರಿಯ ಲೂಯಿಸ್ ಶೆನೋ 1932ರ ಡ್ಯೂಸನ್‌ಬರ್ಗ್ ಎಸ್‌ಜೆ ಕಾರನ್ನು ಆರನೇ ಒಂದಕ್ಕೆ ಕಟ್ಟಿದರು. ಇಂದೋರಿನ ಹೋಳ್ಕರ್ ಮಹಾರಾಜರ ಬಳಿಯೂ ಒಂದು ಡ್ಯೂಸನ್‌ಬರ್ಗ್ ಎಸ್‌ಜೆ ಇತ್ತು. ಆ ಕಾಲದ ಅತಿ ವೈಭವದ ಕಾರುಗಳಲ್ಲಿ ಅದೊಂದು: ಒಂದೇ ಸಾಲಿನಲ್ಲಿ ಎಂಟು ಸಿಲಿಂಡರು, 32 ವಾಲ್ವು, 6.9 ಲೀಟರು, ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರು, 320 ಅಶ್ವಶಕ್ತಿ. 216ರಿಂದ ಭಾಗಿಸಿದರೆ ಪೂರ್ತಿ ಎಂಜಿನ್ 32 ಸಿಸಿ, ಪ್ರತಿ ಸಿಲಿಂಡರು 4 ಸಿಸಿ. ಅದರೊಳಗೆ ನಾಲ್ಕು ವಾಲ್ವು ಕೂರಬೇಕು. ಶೆನೋ ಕೂರಿಸಿದರು, ಎಂಜಿನ್ ಸ್ಟಾರ್ಟ್ ಆಯಿತು. ಲೆಕ್ಕ: 6,000ಕ್ಕೂ ಹೆಚ್ಚು ಬಿಡಿಭಾಗ, ಹತ್ತು ವರ್ಷ, ಸುಮಾರು 20,000 ಗಂಟೆ.

ಈ 20,000 ಗಂಟೆಯನ್ನು ಒಡೆದು ನೋಡಿ. ಭಾಗವೊಂದಕ್ಕೆ ಸರಾಸರಿ 3 ಗಂಟೆ 20 ನಿಮಿಷ. ಅದು ಕಣ್ಣಿಗೆ ಕಾಣದ ವಾಷರ್ ಆಗಿರಲಿ, ಕ್ರ್ಯಾಂಕ್‌ಶಾಫ್ಟೇ ಆಗಿರಲಿ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಮುನ್ನೂರು ದಿನ ದುಡಿದರೆ ಎಂಟು ವರ್ಷ ನಾಲ್ಕು ತಿಂಗಳು. ಆಫೀಸು ಮುಗಿಸಿ ಬಂದು ದಿನಕ್ಕೆರಡು ಗಂಟೆ ಕೂತರೆ ಇಪ್ಪತ್ತೇಳು ವರ್ಷ ದಾಟುತ್ತದೆ. ಹೋಲಿಕೆಗೆ ಇನ್ನೊಂದು ಅಂಕಿ: ಫೋರ್ಡಿನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಸಾಗುವ ಜೋಡಣೆ ಸಾಲು ಬಂದ ಮೇಲೆ ಒಂದು ಮಾಡೆಲ್ ಟಿ ಚಾಸಿಯ ಜೋಡಣೆಗೆ ಬೇಕಾದ ಸಮಯ ಹನ್ನೆರಡೂವರೆ ಗಂಟೆಯಿಂದ 93 ನಿಮಿಷಕ್ಕೆ ಇಳಿಯಿತು. ಒಂದು ಪುಟ್ಟ ಡ್ಯೂಸನ್‌ಬರ್ಗ್ ನುಂಗಿದ ಸಮಯದಲ್ಲಿ ಆ ಲೆಕ್ಕದಂತೆ 12,900 ದೊಡ್ಡ ಚಾಸಿ ಜೋಡಿಸಬಹುದಿತ್ತು.

ಸ್ಪೇನಿನ ಹೋಸೆ ಮನುಯೆಲ್ ಎರ್ಮೋ ಬರೇರೋ ಬರೀ ಎಂಜಿನ್ನನ್ನೇ ಹಿಡಿದುಕೊಂಡರು. ಹನ್ನೆರಡು ಸಿಲಿಂಡರು, ಒಟ್ಟು 12 ಸಿಸಿ. ಪಿಸ್ಟನ್ನಿನ ವ್ಯಾಸ 11.3 ಮಿ.ಮೀ., ಓಟ 10 ಮಿ.ಮೀ.; 261 ಭಾಗ, 1,220 ಗಂಟೆ. ಈ ಎಂಜಿನ್ ತಿರುಗುವುದು ಒತ್ತಿದ ಗಾಳಿಯಿಂದ. ಅದರೊಳಗೆ ಬೆಂಕಿ ಇಲ್ಲ. ನಮ್ಮ ಎಂಟರಲ್ಲೊಂದು ಮಾಡೆಲ್ ಟಿಯ ಪಿಸ್ಟನ್ 11.9 ಮಿ.ಮೀ. ಹೆಚ್ಚುಕಡಿಮೆ ಅದೇ ಗಾತ್ರ, ಆದರೆ ನಮಗೆ ಬೆಂಕಿ ಬೇಕು.

ಕುಗ್ಗಲು ಒಪ್ಪದ ಬೆಂಕಿ

ಪೆಟ್ರೋಲಿನ ಜ್ವಾಲೆ ಲೋಹದ ಗೋಡೆಯ ಹತ್ತಿರ ಬಂದರೆ ಆರಿಹೋಗುತ್ತದೆ. ಗೋಡೆ ಅದರ ಬಿಸಿಯನ್ನು ಹೀರಿಬಿಡುತ್ತದೆ. ಮಾಮೂಲಿ ಗಾಳಿಯ ಒತ್ತಡದಲ್ಲಿ ಎರಡು ಲೋಹದ ತಟ್ಟೆಗಳ ನಡುವಿನ ಸಂದು ಸುಮಾರು 2 ಮಿ.ಮೀ.ಗಿಂತ ಕಿರಿದಾದರೆ ಜ್ವಾಲೆ ಒಳಗೆ ನುಗ್ಗುವುದೇ ಇಲ್ಲ. ಒತ್ತಡ ಏರಿದಂತೆ ಈ ಅಂತರ ಕಡಿಮೆಯಾಗುತ್ತದೆ, ನಿಜ. ಆದರೆ ಎಂಜಿನ್ ಚಿಕ್ಕದಾಯಿತೆಂದು ಅದು ಕಡಿಮೆಯಾಗುವುದಿಲ್ಲ. ದೊಡ್ಡ ಮಾಡೆಲ್ ಟಿಯಲ್ಲಿ ಪಿಸ್ಟನ್ ತುದಿಗೆ ಬಂದಾಗ ಉಳಿಯುವ ಜಾಗವನ್ನು ಸಮನಾಗಿ ಹರಡಿದರೆ ಅದರ ಎತ್ತರ ಸುಮಾರು 34 ಮಿ.ಮೀ. ಜ್ವಾಲೆಗೆ ಅದು ವಿಶಾಲ ಅಂಗಳ. ನಮ್ಮದರಲ್ಲಿ ಅದೇ ಜಾಗ 4.3 ಮಿ.ಮೀ. ಮೇಲೆ ತಣ್ಣನೆಯ ಹೆಡ್ಡು, ಕೆಳಗೆ ತಣ್ಣನೆಯ ಪಿಸ್ಟನ್ನು.

ವಿಸ್ತೀರ್ಣ ಮತ್ತು ಗಾತ್ರದ ಜಗಳವೂ ಇಲ್ಲೇ ಎದುರಾಗುತ್ತದೆ. ಉರಿಯುವ ಗಾಳಿ 512ರಲ್ಲೊಂದು ಆಯಿತು, ಬಿಸಿ ಹೀರುವ ಗೋಡೆ 64ರಲ್ಲೊಂದು ಮಾತ್ರ ಆಯಿತು. ಅಂದರೆ ಪ್ರತಿ ತೊಟ್ಟು ಬೆಂಕಿಗೆ ಎಂಟು ಪಟ್ಟು ಗೋಡೆ. ದೊಡ್ಡ ಎಂಜಿನ್ನಿನ ಚಿಂತೆ ಬಿಸಿಯನ್ನು ಹೊರಹಾಕುವುದು ಹೇಗೆಂದು. ಚಿಕ್ಕದರ ಚಿಂತೆ ಬಿಸಿಯನ್ನು ಉಳಿಸಿಕೊಳ್ಳುವುದು ಹೇಗೆಂದು.

ಈಗ ಬೆಂಕಿಯ ಊಟದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಚೆನ್ನೈ, ಮಂಗಳೂರಿನ ಗಾಳಿಗಿಂತ ಹತ್ತರಲ್ಲೊಂದು ಪಾಲು ತೆಳು. 1.41 ಸಿಸಿ ಗಾಳಿಯ ತೂಕ ಒಂದೂವರೆ ಮಿಲಿಗ್ರಾಂ. ಅದಕ್ಕೆ ಬೇಕಾದ ಪೆಟ್ರೋಲು ಹದಿನೈದರಲ್ಲೊಂದು, ಅಂದರೆ ಮಿಲಿಗ್ರಾಮಿನ ಹತ್ತನೇ ಒಂದು. ಪೆಟ್ರೋಲಿನ ಒಂದು ಹನಿ ಹದಿನೈದು ಮಿಲಿಗ್ರಾಂ ತೂಗುತ್ತದೆ ಎಂದುಕೊಳ್ಳಿ. ಒಂದೇ ಹನಿಯಲ್ಲಿ 150 ಸಲ ಸಿಡಿಸಬಹುದು! ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರೂ ಸೇರಿ ಸೆಕೆಂಡಿಗೆ ನೂರು ಸಲ ಸಿಡಿಯುತ್ತವೆ. 74 ಮಿ.ಲೀ. ಟ್ಯಾಂಕು ತುಂಬಿಸಿ ಬಿಟ್ಟರೆ ಲೆಕ್ಕದ ಪ್ರಕಾರ ಒಂದೂವರೆ ಗಂಟೆ ಓಡಬೇಕು. ಅಷ್ಟರಲ್ಲಿ ಐದು ಲಕ್ಷಕ್ಕೂ ಮೀರಿ ಸಿಡಿತ. ಪ್ರತಿ ಸಲವೂ ಹನಿಯ ನೂರೈವತ್ತನೇ ಒಂದು ಪಾಲನ್ನು ಕಾರ್ಬ್ಯುರೇಟರು ಅಳೆದು ಕೊಡಬೇಕು.

ಕೊಡುವುದು ಸುಲಭವಲ್ಲ. ಮಾಡೆಲ್ ಟಿಯಲ್ಲಿ ಪೆಟ್ರೋಲ್ ಪಂಪಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಕಡಿದಾದ ಏರಿನಲ್ಲಿ ಎಣ್ಣೆ ಇಳಿಯದೆ, ಜನ ಕಾರನ್ನು ರಿವರ್ಸಿನಲ್ಲಿ ಹತ್ತಿಸುತ್ತಿದ್ದ ಕಥೆ ಪ್ರಸಿದ್ಧ. ನಮ್ಮ ಕಾರಿನಲ್ಲಿ ಎಣ್ಣೆ ಇಳಿದು ಬರುವ ಆ ಎತ್ತರ ಎಂಟನೇ ಒಂದು. ನಳಿಗೆಯ ಒಳವ್ಯಾಸ 1 ಮಿ.ಮೀ.ಗೆ ಬಂತೆನ್ನಿ. ಅಷ್ಟು ಸಣ್ಣ ನಳಿಗೆಯಲ್ಲಿ ಪೆಟ್ರೋಲು ಗೋಡೆಗಂಟಿಕೊಂಡು ಯಾರೂ ಎತ್ತದೆಯೂ 1 ಸೆಂ.ಮೀ.ಗಿಂತ ಮೇಲೆ ಏರಿ ನಿಲ್ಲುತ್ತದೆ. ದೊಡ್ಡ ಕಾರಿನಲ್ಲಿ ಗಮನಕ್ಕೇ ಬಾರದಿದ್ದ ಈ ಅಂಟು ಇಲ್ಲಿ ಗುರುತ್ವಾಕರ್ಷಣೆಯ ಜೊತೆ ಸರಿಸಮನಾಗಿ ಹಗ್ಗಜಗ್ಗಾಟಕ್ಕೆ ನಿಲ್ಲುತ್ತದೆ.

ಹಾಗಾದರೆ ಬೆಂಕಿ ಸಾಧ್ಯವೇ ಇಲ್ಲವೇ? ಸಾಧ್ಯ. ಮಾದರಿ ವಿಮಾನಗಳಿಗೆಂದು ಬಂದ ಕಾಕ್ಸ್ ಟೀ ಡೀ .010 ಎಂಬ ಎಂಜಿನ್ ಬರೀ 0.16 ಸಿಸಿ, ನಮ್ಮ ಒಂದು ಸಿಲಿಂಡರಿನ ಒಂಬತ್ತನೇ ಒಂದು. ಅದು ನಿಮಿಷಕ್ಕೆ 25,000 ಸುತ್ತು ದಾಟಿ ತಿರುಗುತ್ತಿತ್ತು. ಅದು ಪೆಟ್ರೋಲನ್ನು ಕೈಬಿಟ್ಟು ಮೆಥನಾಲ್ ಮತ್ತು ನೈಟ್ರೋಮೀಥೇನ್ ಕುಡಿಯಿತು. ಕಿಡಿಯನ್ನು ಕೈಬಿಟ್ಟು, ಸದಾ ಕೆಂಪಗೆ ಕಾದಿರುವ ಪ್ಲಾಟಿನಂ ಸುರುಳಿಯನ್ನು ಇಟ್ಟುಕೊಂಡಿತು. ಬೇರೆ ಆಯಿಲ್ ಬದಲು ಇಂಧನದಲ್ಲೇ ಹರಳೆಣ್ಣೆ ಬೆರೆಸಿಕೊಂಡಿತು. ನಮ್ಮಜ್ಜಿಯರು ಹೊಟ್ಟೆಗೂ ತಲೆಗೂ ಬಳಸಿದ ಅದೇ ಹರಳೆಣ್ಣೆ, ಅಷ್ಟು ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡು ಕಾಪಾಡುತ್ತದೆ. ಬೆಂಕಿ ನಮ್ಮ ಮಾತು ಕೇಳುವುದಿಲ್ಲ; ನಾವು ಬೆಂಕಿಯ ಮಾತು ಕೇಳಿದರೆ ಅದು 0.16 ಸಿಸಿಯಲ್ಲೂ ಉರಿಯುತ್ತದೆ.

ಕೂದಲಿನ ಆರನೇ ಒಂದು

ಈಗ ಪಿಸ್ಟನ್ನನ್ನು ಹತ್ತಿರ ಹಿಡಿದು ನೋಡೋಣ. 12 ಮಿ.ಮೀ. ವ್ಯಾಸದ ಪಿಸ್ಟನ್ನು ಸಿಲಿಂಡರಿನೊಳಗೆ ಸಲೀಸಾಗಿ ಓಡಾಡಬೇಕು, ಗಾಳಿ ಮಾತ್ರ ಸೋರಬಾರದು. ವರ್ಕ್‌ಶಾಪಿನ ರೂಢಿ ಲೆಕ್ಕದಂತೆ ಒಂದಿಂಚು ವ್ಯಾಸಕ್ಕೆ ಒಂದು ಥೌ, ಅಂದರೆ ಇಂಚಿನ ಸಾವಿರದ ಒಂದು ಪಾಲು, ಸಡಿಲ; 12 ಮಿ.ಮೀ.ಗೆ ಆ ಸಡಿಲ 0.012 ಮಿ.ಮೀ. ತಲೆಗೂದಲಿನ ದಪ್ಪ 0.07 ಮಿ.ಮೀ. ಇದ್ದೀತು. ಅದರ ಆರನೇ ಒಂದು ಪಾಲು!

ಈ ಪಿಸ್ಟನ್ನನ್ನು ಅಲ್ಯೂಮಿನಿಯಂನಲ್ಲಿ ಮಾಡಿ ಕಬ್ಬಿಣದ ಸಿಲಿಂಡರಿನಲ್ಲಿ ಇಟ್ಟೆವೆನ್ನಿ. ಎಂಜಿನ್ ನೂರು ಡಿಗ್ರಿ ಬಿಸಿಯಾಯಿತು. ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 12 ಮಿ.ಮೀ.ನಲ್ಲಿ ಅದು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದು 0.013 ಮಿ.ಮೀ. ನಾವು ಬಿಟ್ಟ ಸಡಿಲ 0.012. ಪಿಸ್ಟನ್ ಜಾಮ್! ಅದಕ್ಕೇ ಹಳೆಯ ಮಾದರಿ ಎಂಜಿನ್ ತಯಾರಕರು ಪಿಸ್ಟನ್ನನ್ನೂ ಎರಕದ ಕಬ್ಬಿಣದಲ್ಲೇ ಮಾಡಿದರು. ಎರಡೂ ಒಟ್ಟಿಗೆ ಹಿಗ್ಗಲಿ, ಒಟ್ಟಿಗೆ ಕುಗ್ಗಲಿ ಎಂಬ ಜಾಣತನ.

ಅಷ್ಟು ಸೂಕ್ಷ್ಮ ಅಳತೆ ಲೇತಿನ ಟೂಲಿಗೆ ಸಿಗುವುದು ಕಷ್ಟ. ಲೇತಿನಲ್ಲಿ ಒಂದಿಷ್ಟು ಹೆಚ್ಚಿಗೆ ಬಿಟ್ಟು, ಉಳಿದದ್ದನ್ನು ಪುಡಿ ಕಲಸಿದ ಎಣ್ಣೆ ಹಚ್ಚಿ ಕೈಯಿಂದ ಉಜ್ಜಿ ಉಜ್ಜಿ ಇಳಿಸುತ್ತಾರೆ. ಉಜ್ಜುವುದು, ತೊಳೆಯುವುದು, ಮೈಕ್ರೋಮೀಟರ್ ಹಿಡಿಯುವುದು, ಮತ್ತೆ ಉಜ್ಜುವುದು. ಕೈಯಲ್ಲಿ ಹಿಡಿದ ಪಿಸ್ಟನ್ ಕೈಯ ಬಿಸಿಗೇ ಒಂದು ಮಿ.ಮೀ.ನ ಸಾವಿರದ ಒಂದು ಪಾಲಿನಷ್ಟು ಹಿಗ್ಗಿರುತ್ತದೆ. ಆದ್ದರಿಂದ ಅದನ್ನು ಮೇಜಿನ ಮೇಲಿಟ್ಟು, ತಣಿಯಲು ಬಿಟ್ಟು, ಆಮೇಲೆ ಅಳೆಯಬೇಕು. ಅವಸರ ಮಾಡಿದವರಿಗೆ ಸಿಗುವುದು ತಮ್ಮ ಕೈಬಿಸಿಯ ಅಳತೆ.

ಬೋಲ್ಟಿನ ಲೆಕ್ಕವೂ ಬೆರಗು ಹುಟ್ಟಿಸುತ್ತದೆ. 10 ಮಿ.ಮೀ. ಬೋಲ್ಟು ನಮ್ಮ ಕಾರಿನಲ್ಲಿ 1.25 ಮಿ.ಮೀ. ಆಗುತ್ತದೆ. ಒಳ್ಳೆಯ ಉಕ್ಕಿನ 10 ಮಿ.ಮೀ. ಬೋಲ್ಟನ್ನು ಬಿಗಿಯಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಐದು ಕಿಲೋ ಭಾರ ಬೀಳಬೇಕು. ಚಿಕ್ಕ ಬೋಲ್ಟಿಗೆ ಅದರ 512ನೇ ಒಂದು, ಅಂದರೆ ಅದೇ ಸ್ಪ್ಯಾನರಿನ ತುದಿಗೆ ಹತ್ತು ಗ್ರಾಂ. ಅದಕ್ಕಿಂತ ಒಂದಿಷ್ಟು ಹೆಚ್ಚಾದರೆ ಬೋಲ್ಟಿನ ತಲೆ ತಿರುಚಿ ಕೈಗೆ ಬರುತ್ತದೆ. ಅಷ್ಟು ಕಡಿಮೆ ಬಲವನ್ನು ನಮ್ಮ ಮಣಿಕಟ್ಟು ಗುರುತಿಸುವುದೇ ಇಲ್ಲ. ಬೆರಳ ತುದಿಗಳಿಗೆ ಹೊಸದಾಗಿ ಪಾಠ ಕಲಿಸಬೇಕು. ಸಿದ್ದಾಪುರಕ್ಕೆ ಹತ್ತಿರದ ಜೆ.ಸಿ. ರಸ್ತೆಯಲ್ಲಿ ಎಷ್ಟೆಷ್ಟೋ ಬಗೆಯ ವಾಹನಗಳ ಬಿಡಿಭಾಗ ಸಿಗುತ್ತದೆ, ಎಸ್.ಪಿ. ರಸ್ತೆಯಲ್ಲಿ ತಂತಿ, ಮೋಟಾರು, ಕೂದಲೆಳೆ ದಪ್ಪದ ಡ್ರಿಲ್ಲುಗಳೂ ಸಿಗುತ್ತವೆ. ಎಂಟರಲ್ಲೊಂದು ಮಾಡೆಲ್ ಟಿಯ ಹೆಡ್ ಬೋಲ್ಟು ಎಲ್ಲಿಯೂ ಸಿಗುವುದಿಲ್ಲ. ಅದನ್ನು ಲೇತಿನಲ್ಲಿ ಕಡೆದು, ಥ್ರೆಡ್ ಹಾಕಿ, ಆರು ಮೂಲೆ ಕೊರೆದು ತಾವೇ ಮಾಡಿಕೊಳ್ಳಬೇಕು.

ಸ್ಪ್ರಿಂಗಿನದು ಇನ್ನೊಂದು ವಿಚಿತ್ರ. ಮಾಡೆಲ್ ಟಿಗೆ ಮುಂದೊಂದು, ಹಿಂದೊಂದು ಅಡ್ಡ ಹಾಕಿದ ಪಟ್ಟಿ ಸ್ಪ್ರಿಂಗು. ಎಲ್ಲ ಅಳತೆಯನ್ನೂ ಎಂಟರಿಂದ ಭಾಗಿಸಿದರೆ ಸ್ಪ್ರಿಂಗಿನ ಬಿಗಿ ಎಂಟನೇ ಒಂದಕ್ಕೆ ಇಳಿಯುತ್ತದೆ, ಕಾರಿನ ಭಾರ ಮಾತ್ರ 512ನೇ ಒಂದಕ್ಕೆ. ಸ್ಪ್ರಿಂಗು ಕದಲುವುದೇ ಇಲ್ಲ, ಕಾರು ಹಲಗೆಯಾಗಿ ನಿಲ್ಲುತ್ತದೆ. ಮೂಲ ಕಾರಿನ ಹಾಗೆ ಬಳುಕಬೇಕಾದರೆ ಬಿಗಿಯನ್ನು ಇನ್ನೂ ಎಂಟು ಪಟ್ಟು ತಗ್ಗಿಸಬೇಕು. ಪಟ್ಟಿಯ ದಪ್ಪ ಅರ್ಧವಾದರೆ ಬಿಗಿ ಎಂಟನೇ ಒಂದಾಗುತ್ತದೆ. ಆದ್ದರಿಂದ ಉಳಿದದ್ದೆಲ್ಲ ಎಂಟನೇ ಒಂದು, ಸ್ಪ್ರಿಂಗ್ ಪಟ್ಟಿಯ ದಪ್ಪ ಮಾತ್ರ ಹದಿನಾರನೇ ಒಂದು! ನೋಡಿದವರಿಗೆ ಅದು ತಿಳಿಯುವುದಿಲ್ಲ. ಕಾರು ಮಾತ್ರ ಕಾರಿನ ಹಾಗೆ ನಡೆಯುತ್ತದೆ.

ಸಾವಿರದಲ್ಲೊಂದು

ಮೆಟ್ಟಿಲಿನ ತಳ ಇರುವುದು ಜಪಾನಿನಲ್ಲಿ. 1990ರ ದಶಕದಲ್ಲಿ ಅಲ್ಲಿನ ನಿಪ್ಪಾನ್‌ಡೆನ್ಸೊ ಕಂಪನಿ, 1936ರ ಟೊಯೊಟಾ ಎಎ ಕಾರನ್ನು ಸಾವಿರನೇ ಒಂದಕ್ಕೆ ಇಳಿಸಿತು. ಉದ್ದ 4.8 ಮಿ.ಮೀ., ಅಗಲ 1.8 ಮಿ.ಮೀ. ಅಕ್ಕಿಕಾಳಿಗಿಂತ ಗಿಡ್ಡ. ಒಳಗೆ ಒಂದು ಮಿ.ಮೀ.ನಷ್ಟೂ ಅಗಲವಿಲ್ಲದ ಮೋಟಾರು. ತಂತಿಯಲ್ಲಿ ವಿದ್ಯುತ್ ಹರಿಸಿದರೆ ಅದು ಓಡುತ್ತದೆ. ಗಾತ್ರ ಇಲ್ಲಿ ಕುಗ್ಗಿದ್ದು ನೂರು ಕೋಟಿಯಲ್ಲೊಂದು ಪಾಲಿಗೆ. ಒಂದೂವರೆ ಟನ್ ಕಾರಿನ ನೂರು ಕೋಟಿಯಲ್ಲೊಂದು ಪಾಲೆಂದರೆ ಒಂದೂವರೆ ಮಿಲಿಗ್ರಾಂ. ನಮ್ಮ ಪುಟ್ಟ ಮಾಡೆಲ್ ಟಿಯ ಒಂದು ಸಿಲಿಂಡರು ಒಂದು ಉಸಿರಿಗೆ ಎಳೆದುಕೊಂಡ ಗಾಳಿಯ ತೂಕವೂ ಅಷ್ಟೇ ಇತ್ತು.

ಅಲ್ಲಿ ಪೆಟ್ರೋಲ್ ಎಂಜಿನ್ನಿನ ಮಾತೇ ಬರುವುದಿಲ್ಲ. ಜ್ವಾಲೆ ಬದುಕುವ ಅಂತರಕ್ಕಿಂತ ಇಡೀ ಕಾರಿನ ಅಗಲವೇ ಕಡಿಮೆ. ಅರ್ಧ ಅಳತೆಯಲ್ಲಿ ಬುಗಾಟ್ಟಿ ಅನುಕೂಲಕ್ಕೆಂದು ಮೋಟಾರು ಹಾಕಿದ; ಸಾವಿರನೇ ಒಂದರಲ್ಲಿ ಡೆನ್ಸೊಗೆ ಬೇರೆ ದಾರಿಯೇ ಇರಲಿಲ್ಲ. ಇವೆರಡರ ನಡುವಿನ ಆರರಲ್ಲೊಂದು, ಎಂಟರಲ್ಲೊಂದು ಇದೆಯಲ್ಲ, ಬೆಂಕಿ ಇನ್ನೂ ಬದುಕುವ ಆದರೆ ಬದುಕಲು ಒದ್ದಾಡುವ ಆ ಸೀಮೆಯೇ ಕೈಚಳಕದ ನಿಜವಾದ ಪರೀಕ್ಷೆ.

ಈ ಊರಿನ ಕೈ

ಬೆಂಗಳೂರಿಗೆ ಈ ಅಳತೆಗಳು ಹೊಸವಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿತು; ಲೇತು ಮಾಡುವ ಕಾರ್ಖಾನೆಯಾಗಿ ಶುರುವಾಗಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಗಡಿಯಾರಕ್ಕೆ ಕೈಹಾಕಿತು. ಎಚ್‌ಎಂಟಿ ಜನತಾ ಗಡಿಯಾರದ ಒಳಗೆ ಓಡಾಡುವ ಗಾಲಿಗಳ ಅಚ್ಚು ನಮ್ಮ 1.25 ಮಿ.ಮೀ. ಬೋಲ್ಟಿಗಿಂತಲೂ ಸಪೂರ. ಅದನ್ನು ಇದೇ ಊರಿನ ಗಂಡಸರೂ ಹೆಂಗಸರೂ ದಿನವೂ ಜೋಡಿಸಿದರು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ 1.2 ಮೀಟರ್ ಗಾಳಿಸುರಂಗ 1967ರಿಂದ ಇಲ್ಲಿದೆ. ನಮ್ಮ ಉಪಗ್ರಹ ರಾಕೆಟ್ಟುಗಳು, ತೇಜಸ್ ವಿಮಾನ ಆಕಾಶಕ್ಕೆ ಏರುವ ಮೊದಲು ಪುಟ್ಟ ಮಾದರಿಗಳಾಗಿ ಆ ಸುರಂಗದ ಗಾಳಿಗೆ ಮೈಯೊಡ್ಡಿವೆ. ಅಲ್ಲಿಯೂ ಇದೇ ಗೋಳು: ಮಾದರಿ ಕುಗ್ಗಿತು, ಗಾಳಿ ಕುಗ್ಗಲಿಲ್ಲ. ಆ ವ್ಯತ್ಯಾಸವನ್ನು ಲೆಕ್ಕ ಹಾಕಿ ಸರಿದೂಗಿಸುವುದನ್ನೇ ಕಸುಬು ಮಾಡಿಕೊಂಡವರು ನಮ್ಮೂರಿನಲ್ಲಿದ್ದಾರೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರದಲ್ಲಿ ಶುರುವಾದ ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇವತ್ತಿಗೂ ಹುಡುಗ ಹುಡುಗಿಯರ ಕೈಗೆ ಮೈಕ್ರೋಮೀಟರ್ ಕೊಟ್ಟು ಪಳಗಿಸುತ್ತಿದೆ. ಪೀಣ್ಯದ ಗಲ್ಲಿಗಳಲ್ಲಿ ಸುತ್ತುವ ಲೇತುಗಳಿಗೆ ಲೆಕ್ಕವಿಲ್ಲ.

ಇಷ್ಟೆಲ್ಲ ಇರುವ ಊರಿನಲ್ಲಿ ಓಡುವ ಮಾದರಿ ಕಾರನ್ನು ಯಾರೋ ಒಬ್ಬಂಟಿಯ ಹುಚ್ಚಿನ ಕೆಲಸವೆಂದು ಬಿಟ್ಟುಬಿಡಬೇಕಿಲ್ಲ. ಇಂಥ ಒಂದು ಎಂಜಿನ್ನಿನಲ್ಲಿ ಐಟಿಐ, ಡಿಪ್ಲೊಮಾ ವಿದ್ಯಾರ್ಥಿ ಕಲಿಯಬೇಕಾದ ಪಾಠವೆಲ್ಲ ಅಡಗಿದೆ: ಲೋಹ ಹಿಗ್ಗುವ ಲೆಕ್ಕ, ಬಿಸಿ ಹರಿಯುವ ಲೆಕ್ಕ, ದ್ರವದ ಅಂಟು, ಸ್ಪ್ರಿಂಗಿನ ಬಿಗಿ, ಥ್ರೆಡ್ಡು, ಗೇರು, ಎರಕ. ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಕೂತಿರುವ ಇವೆಲ್ಲ 5.66 ಸಿಸಿಯೊಳಗೆ ಒಂದೇ ಸಲ ಸರಿಯಾಗದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಅಂಕ ಕೊಡುವ ಮೇಷ್ಟರೇ ಬೇಡ. ಎಂಜಿನ್ನೇ ಅಂಕ ಕೊಡುತ್ತದೆ.

ಒಬ್ಬರಿಗೆ ಸಂಜೆಗೆ ಎರಡು ಗಂಟೆಯಂತೆ ಇಪ್ಪತ್ತೇಳು ವರ್ಷ ಹಿಡಿಯುವ ಆ 20,000 ಗಂಟೆಯನ್ನು ಇಪ್ಪತ್ತು ಜನಕ್ಕೆ ಹಂಚಿ. ತಲಾ ಸಾವಿರ ಗಂಟೆ, ಮುನ್ನೂರು ಬಿಡಿಭಾಗ. ಸಂಜೆಗೆ ಎರಡು ಗಂಟೆಯಂತೆ 500 ಸಂಜೆ. ಒಂದೂವರೆ ವರ್ಷದೊಳಗೆ, ಎಂಟು ಸಿಲಿಂಡರಿನ ಡ್ಯೂಸನ್‌ಬರ್ಗಿನಷ್ಟು ಕಠಿಣವಾದ ಕಾರೂ ಎದ್ದು ನಿಲ್ಲುತ್ತದೆ. ನಾಲ್ಕು ಸಿಲಿಂಡರಿನ ಸರಳ ಮಾಡೆಲ್ ಟಿಗೆ ಅಷ್ಟೂ ಬೇಕಾಗಲಾರದು. ಒಂದು ತರಗತಿ, ಒಂದು ಲೇತು, ಒಂದು ಮಿಲ್ಲಿಂಗ್ ಮೆಷೀನು, 500 ಸಂಜೆ ಇದ್ದರೆ ಸಾಕು. ಬೆಂಗಳೂರಿನ ಯಾವ ತಾಂತ್ರಿಕ ಶಾಲೆಯಾದರೂ ಈ ಲೆಕ್ಕವನ್ನು ಇವತ್ತೇ ಕೈಗೆತ್ತಿಕೊಳ್ಳಬಹುದು.